ದಾವಣಗೆರೆಯ ಸೀಮೆಯಲ್ಲಿ ಬೈಸಿಕಲ್ಲಿನ ದಾರಿ

ದಾವಣಗೆರೆಯ ಜಿಲ್ಲೆಯು ವಯಸ್ಸಿನಲ್ಲಿ ಚಿಕ್ಕದು. ಅದು ಹುಟ್ಟಿದ್ದು ೧೯೯೭ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ. ಆದರೆ ಅದರ ಒಳಗಿನ ಊರುಗಳು ಹಳೆಯವು. ಚನ್ನಗಿರಿ ಹೊನ್ನಾಳಿಗಳು ಅದಕ್ಕೆ ಮುಂಚೆ ಶಿವಮೊಗ್ಗೆಗೆ ಸೇರಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಹೊನ್ನಾಳಿಯ ತಾಲ್ಲೂಕಿನೊಳಗೇ ಇದ್ದ ನ್ಯಾಮತಿಯು ೨೦೧೭ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪೈಕಿ ತಾನೂ ಒಂದಾಯಿತು. ದಕ್ಷಿಣಕ್ಕೆ ಅಡಕೆಯ ತೋಟಗಳು, ಹೊಳೆಯ ಬದಿಗೆ ಬತ್ತದ ಗದ್ದೆಗಳು, ಈಶಾನ್ಯಕ್ಕೆ ಮಳೆಯನ್ನೇ ನಂಬಿಕೊಂಡ ಮೆಕ್ಕೆಜೋಳದ ಹೊಲಗಳು. ಹೀಗೆ ಒಂದೇ ಜಿಲ್ಲೆಯಲ್ಲಿ ಮಲೆನಾಡಿನ ಅಂಚನ್ನೂ ಬಯಲುಸೀಮೆಯ ಬಿಸಿಲನ್ನೂ ಎರಡು ದಿನಗಳಲ್ಲಿ ನೋಡಿ ಬರಬಹುದು.

ಈ ಸೀಮೆಗೆ ಪ್ರವಾಸ ಹೋಗುವವರು ನೋಡುವ ಸ್ಥಳಗಳು ವಾಚಕರಿಗೆ ತಿಳಿದವೇ ಆಗಿವೆ. ಶಾಂತಿಸಾಗರವೆಂಬ ಹೆಸರೂ ಉಳ್ಳ ಸೂಳೆಕೆರೆಯ ಏರಿ, ಸಂತೆಬೆನ್ನೂರಿನ ಪುಷ್ಕರಿಣಿ, ಹೊನ್ನಾಳಿಯ ಹಿರೇಕಲ್ಮಠ, ಜಗಳೂರಿನ ಕಡೆ ಕೊಂಡುಕುರಿಗಳಿಗಾಗಿ ಕಾಯ್ದಿಟ್ಟ ರಂಗಯ್ಯನದುರ್ಗದ ಕಾಡು. ಇವನ್ನು ನಾವೂ ನೋಡಿ ಸಂತೋಷಪಟ್ಟೆವು. ಆದರೆ ಈ ಸಲ ನಾವು ಹೊರಟ ಉದ್ದೇಶ ಬೇರೆ ಇದ್ದಿತು. ಪ್ರತಿಯೊಂದು ಊರಿನಲ್ಲಿಯೂ ನಾಲ್ಕಾರು ರಸ್ತೆಗಳು ಬಂದು ಕೂಡುವ ಒಂದು ಜಾಗವುಂಟಷ್ಟೆ. ಜನರು ಅದನ್ನು ‘ಸರ್ಕಲ್ಲು’ ಎಂದು ಕರೆಯುತ್ತಾರೆ. ಆ ಜಾಗವನ್ನು ಬೈಸಿಕಲ್ಲಿನ ಮೇಲೆ ಕುಳಿತವರು ಹೇಗೆ ದಾಟುತ್ತಾರೆ ಎಂಬುದನ್ನು ನಿಂತು ನೋಡಬೇಕೆಂಬುದೇ ನಮ್ಮ ಅಪೇಕ್ಷೆ. ಇದು ಪ್ರವಾಸಕ್ಕೆ ತಕ್ಕ ವಿಷಯವೇ ಎಂದು ಕೆಲವರು ನಗಬಹುದು. ಮನೆಯಿಂದ ಮಕ್ಕಳನ್ನು ದಿನವೂ ಬೈಸಿಕಲ್ಲಿನ ಮೇಲೆ ಶಾಲೆಗೆ ಕಳುಹಿಸುವ ತಾಯಂದಿರು ನಗಲಾರರೆಂದು ನಮ್ಮ ನಂಬಿಕೆ.

ಮೊದಲು ಚನ್ನಗಿರಿ. ಕೆಳದಿಯ ಚೆನ್ನಮ್ಮಾಜಿಯಿಂದ ಈ ಊರಿಗೆ ಹೆಸರು ಬಂದಿತೆಂದು ಹೇಳುವರು. ಊರಿನ ಗುಡ್ಡದ ಮೇಲೆ ಕೋಟೆಯೂ ರಂಗನಾಥನ ಗುಡಿಯೂ ಇವೆ; ಮೇಲಿನಿಂದ ನೋಡಿದರೆ ಊರಾಚೆಗೆ ಅಡಕೆಯ ತೋಟಗಳ ಹಸುರು ಕಣ್ಣಿಗೆ ತಂಪಾಗಿದೆ. ಕೆಳಗಿಳಿದು ಬೆಳಗಿನ ಒಂಬತ್ತು ಗಂಟೆಯ ಸುಮಾರಿಗೆ ರಸ್ತೆಗಳು ಕೂಡುವಲ್ಲಿ ನಿಂತರೆ ಆ ತಂಪು ಮರೆತುಹೋಗುತ್ತದೆ. ಅಡಕೆಯ ಚೀಲ ಹೇರಿದ ಲಾರಿಗಳು, ಟ್ರಾಕ್ಟರುಗಳು, ಆಟೋರಿಕ್ಷಾಗಳು, ಶಿವಮೊಗ್ಗೆ ದಾವಣಗೆರೆಗಳ ಕಡೆಯ ಬಸ್ಸುಗಳು, ಲೆಕ್ಕವಿಲ್ಲದಷ್ಟು ಮೋಟಾರು ಬೈಕುಗಳು; ಇವುಗಳ ನಡುವೆ ಬೆನ್ನಿಗೆ ಪುಸ್ತಕದ ಚೀಲ ಕಟ್ಟಿಕೊಂಡ ಮಕ್ಕಳ ಬೈಸಿಕಲ್ಲುಗಳು.

ಹದಿಮೂರು ಹದಿನಾಲ್ಕು ವಯಸ್ಸಿನ ಒಬ್ಬ ಹುಡುಗಿಯು ಕೂಡುರಸ್ತೆ ಇನ್ನೂ ಇಪ್ಪತ್ತು ಮಾರು ದೂರವಿರುವಾಗಲೇ ಇಳಿದು, ಬೈಸಿಕಲ್ಲನ್ನು ಅಂಗಡಿಗಳ ಸಾಲಿನ ಪಕ್ಕಕ್ಕೆ ತಳ್ಳಿಕೊಂಡು ಬರುತ್ತಿದ್ದಳು.

“ಯಾಕಮ್ಮ, ಇಳಿದುಬಿಟ್ಟೆ?” ಎಂದು ಕೇಳಿದೆವು.

“ಸರ್ಕಲ್ ಬಂದ್ರೆ ಇಳಿದು ತಳ್ಕೊಂಡ್ ಹೋಗು ಅಂತ ನಮ್ಮಮ್ಮ ಹೇಳಿದಾಳೆ ಸಾರ್. ಹತ್ಕೊಂಡ್ ಹೋದೆ ಅಂತ ಗೊತ್ತಾದ್ರೆ ನಾಳೆಯಿಂದ ಸೈಕಲ್ಲೇ ಕೊಡಲ್ಲ.”

“ಸೈಕಲ್ ಕೊಡದಿದ್ದರೆ ಶಾಲೆಗೆ ಹೇಗೆ ಬರುವೆ?”

ಹುಡುಗಿಯು ಉತ್ತರ ಹೇಳಲಿಲ್ಲ. ನಕ್ಕು ಮುಂದೆ ನಡೆದಳು.

ಆ ಪ್ರಶ್ನೆಯ ಹಿಂದೆ ದೊಡ್ಡ ಸಂಗತಿಯೊಂದು ಅಡಗಿದೆ. ಹಳ್ಳಿಯ ಶಾಲೆಯು ಏಳನೆಯ ತರಗತಿಗೆ ಮುಗಿಯುವ ಕಡೆಗಳಲ್ಲಿ ಮುಂದಿನ ಓದಿಗೆ ಮಕ್ಕಳು ಹೋಬಳಿಗೋ ತಾಲ್ಲೂಕಿನ ಊರಿಗೋ ಬರಬೇಕು. ಬಸ್ಸು ಹೊತ್ತಿಗೆ ಬರುವುದಿಲ್ಲ. ನಡೆದು ಬರುವಷ್ಟು ಹತ್ತಿರವೂ ಇಲ್ಲ. ಹೆಣ್ಣುಮಕ್ಕಳ ಓದು ಅನೇಕ ಮನೆಗಳಲ್ಲಿ ಇಲ್ಲಿಯೇ ನಿಲ್ಲುತ್ತಿದ್ದಿತು. ಇದನ್ನು ಮನಗಂಡೇ ಕರ್ನಾಟಕ ಸರ್ಕಾರವು ೨೦೦೬-೦೭ನೆಯ ಸಾಲಿನಿಂದ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ವ್ಯಾಧಿಯ ಕಾಲದಲ್ಲಿ ಆ ಹಂಚಿಕೆ ನಿಂತುಹೋಯಿತಾದರೂ, ಅದು ನಡೆದ ವರ್ಷಗಳಲ್ಲಿ ಬೈಸಿಕಲ್ಲು ಹುಡುಗಿಯರಿಗೂ ಸಹಜವಾದ ವಾಹನವೆಂಬ ಭಾವನೆ ಹಳ್ಳಿಹಳ್ಳಿಗಳಲ್ಲಿ ಬೇರೂರಿತು. ಹೀಗಿರುವಲ್ಲಿ, ಮನೆಯಿಂದ ಶಾಲೆಯವರೆಗಿನ ದಾರಿಯೆಲ್ಲವೂ ನಿರ್ಭಯವಾಗಿದ್ದು, ನಡುವೆ ನೂರು ಮಾರಿನ ಒಂದು ಕೂಡುರಸ್ತೆ ಮಾತ್ರ ಭಯಂಕರವಾಗಿದ್ದರೆ, ಆ ನೂರು ಮಾರೇ ಮಗುವಿನ ಓದನ್ನು ನಿರ್ಣಯಿಸುತ್ತದೆ. ತಾಯಿಯ ಭಯವೂ ನಿರಾಧಾರವಾದುದಲ್ಲ. ಇಡೀ ದೇಶದಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬೈಸಿಕಲ್ ಸವಾರರು ರಸ್ತೆಗಳಲ್ಲಿ ಪ್ರಾಣ ಕಳೆದುಕೊಳ್ಳುತ್ತಿರುವರೆಂದು ಸರ್ಕಾರದ ವರದಿಗಳೇ ಹೇಳುತ್ತವೆ.

ಇಷ್ಟಕ್ಕೂ ವೃತ್ತವೆಂದರೇನು? ನಾಲ್ಕು ದಿಕ್ಕುಗಳಿಂದ ಬಂದ ವಾಹನಗಳು ಎದುರುಬದುರಾಗಿ ನುಗ್ಗದೆ, ನಡುವಿನ ಒಂದು ದಿಬ್ಬವನ್ನು ಒಂದೇ ದಿಕ್ಕಿನಲ್ಲಿ ಸುತ್ತಿ ತಮ್ಮ ತಮ್ಮ ದಾರಿ ಹಿಡಿಯಲೆಂದು ಮಾಡಿದ ಏರ್ಪಾಡು. ನ್ಯೂಯಾರ್ಕ್ ನಗರದಲ್ಲಿ ೧೯೦೫ರಲ್ಲಿ, ಪ್ಯಾರಿಸ್ಸಿನಲ್ಲಿ ೧೯೦೭ರಲ್ಲಿ ಇದು ಬಳಕೆಗೆ ಬಂದಿತು. ಆದರೆ ಒಳಗೆ ಬರುವವನು ಮೊದಲೋ, ಸುತ್ತುತ್ತಿರುವವನು ಮೊದಲೋ ಎಂಬುದು ಬಹುಕಾಲ ಇತ್ಯರ್ಥವಾಗದೆ, ವೃತ್ತಗಳು ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತಿದ್ದವು. ಸುತ್ತುತ್ತಿರುವವನಿಗೇ ಮೊದಲು ದಾರಿ ಎಂಬ ನಿಯಮವನ್ನು ಬ್ರಿಟನ್ ದೇಶವು ೧೯೬೬ರಲ್ಲಿ ಜಾರಿಗೆ ತಂದ ಮೇಲೆ ಈ ತೊಡಕು ಬಿಟ್ಟಿತು. ನಮ್ಮ ದೇಶದ ೨೦೧೭ರ ವಾಹನ ಚಾಲನಾ ನಿಯಮಾವಳಿಯೂ ಇದನ್ನೇ ಹೇಳುತ್ತದೆ: ವೃತ್ತದೊಳಗೆ ಈಗಾಗಲೇ ಇರುವವರಿಗೆ ಹೊರಗಿನಿಂದ ಬರುವವರು ದಾರಿ ಬಿಡತಕ್ಕದ್ದು. ಬೈಸಿಕಲ್ಲು ಸಣ್ಣದೆಂದು ಅದಕ್ಕೆ ಈ ಹಕ್ಕು ಇಲ್ಲದಿಲ್ಲ. ಆದರೆ ನಮ್ಮ ಊರುಗಳಲ್ಲಿ ಎಷ್ಟೋ ಕಡೆ ‘ಸರ್ಕಲ್ಲು’ ಎಂಬ ಹೆಸರು ಮಾತ್ರ ಇದೆ, ಸುತ್ತು ಇಲ್ಲ. ನಡುವೆ ಒಂದು ದೀಪದ ಕಂಬವೋ ಪುತ್ಥಳಿಯೋ ನಿಂತಿದ್ದು, ಬಲಕ್ಕೆ ಹೋಗತಕ್ಕವನು ಅದನ್ನು ಸುತ್ತದೆ ಅಡ್ಡಲಾಗಿಯೇ ಹಾಯ್ದುಬಿಡುತ್ತಾನೆ.

ಚನ್ನಗಿರಿಯಿಂದ ಹೊನ್ನಾಳಿಗೆ ಬಂದೆವು. ತುಂಗಭದ್ರೆಯ ಸೇತುವೆಯನ್ನು ದಾಟಿ ಊರನ್ನು ಹೊಗಬೇಕು. ಶಿವಮೊಗ್ಗೆಯಿಂದ ಹರಿಹರಕ್ಕೆ ಹೋಗುವ ದಾರಿಯೂ ಇಲ್ಲಿಯೇ ಹಾದುಹೋಗುವುದರಿಂದ ದೊಡ್ಡ ಬಂಡಿಗಳಿಗೆ ಕೊರತೆಯಿಲ್ಲ. ಇಲ್ಲಿ ಒಬ್ಬ ಬಸ್ ಚಾಲಕರ ಪರಿಚಯವಾಯಿತು. ಬೈಸಿಕಲ್ಲಿನವರ ಕಷ್ಟವನ್ನು ನಾವು ವಿಚಾರಿಸುತ್ತಿರುವುದನ್ನು ಕೇಳಿ, “ಸ್ವಾಮಿ, ನಮ್ಮ ಕಷ್ಟಾನೂ ಸ್ವಲ್ಪ ನೋಡ್ರಿ. ಒಂದ್ಸಲ ನನ್ನ ಸೀಟಿನಲ್ಲಿ ಕೂತ್ಕಳಿ” ಎಂದರು. ನಿಂತಿದ್ದ ಬಸ್ಸಿನಲ್ಲಿ ಅವರ ಜಾಗದಲ್ಲಿ ಕುಳಿತೆವು. ಅವರು ಕೆಳಗಿಳಿದು ಒಬ್ಬ ಹುಡುಗನನ್ನು ಬೈಸಿಕಲ್ಲಿನೊಡನೆ ಬಸ್ಸಿನ ಎಡಬದಿಯ ಮುಂದಿನ ಚಕ್ರದ ಹತ್ತಿರ ನಿಲ್ಲಿಸಿದರು. ಹುಡುಗ ಮಾಯವಾದನು! ಕನ್ನಡಿಯಲ್ಲಿಯೂ ಇಲ್ಲ, ಗಾಜಿನಲ್ಲಿಯೂ ಇಲ್ಲ. ಅವನು ಕೈ ಮೇಲೆತ್ತಿ ಬೀಸಿದಾಗ ಬೆರಳ ತುದಿಗಳು ಮಾತ್ರ ಬಾಗಿಲಿನ ಗಾಜಿನ ಕೆಳಗೆ ಕಂಡವು.

ನಮ್ಮ ದೇಶದಲ್ಲಿ ಚಾಲಕನು ಕೂರುವುದು ಬಲಕ್ಕೆ; ಬೈಸಿಕಲ್ಲಿನವನು ಹೋಗುವುದು ರಸ್ತೆಯ ಎಡ ಅಂಚಿಗೆ. ಆದುದರಿಂದ ಅವನಿರುವ ಸ್ಥಳವೇ ದೊಡ್ಡ ವಾಹನದವನಿಗೆ ಕುರುಡು ಮೂಲೆ. ನೇರವಾದ ರಸ್ತೆಯಲ್ಲಿ ಇದರಿಂದ ಅಷ್ಟಾಗಿ ಬಾಧೆಯಿಲ್ಲ. ವೃತ್ತದಲ್ಲಿಯಾದರೋ, ಬೈಸಿಕಲ್ಲಿನವನು ಇನ್ನೂ ಮುಂದಕ್ಕೆ ಸುತ್ತಬೇಕೆಂದು ಅಂಚಿನಲ್ಲಿಯೇ ಹೋಗುತ್ತಿರುತ್ತಾನೆ. ಪಕ್ಕದ ಬಸ್ಸು ತನ್ನ ದಾರಿ ಬಂದಿತೆಂದು ಎಡಕ್ಕೆ ತಿರುಗುತ್ತದೆ. ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡನ್ನು ಬಿಟ್ಟು ಇನ್ನೂ ಒಳಕ್ಕೆ ಸರಿಯುತ್ತವೆ. ಅಲ್ಲಿಯೇ ಅಪಾಯ. ಇನ್ನೊಂದು ಅಪಾಯ ಒಳಬರುವ ವಾಹನದಿಂದ: ಅದರ ಚಾಲಕನು ಬಲಗಡೆಯಿಂದ ಲಾರಿ ಬರುತ್ತಿದೆಯೇ ಎಂದು ನೋಡಿ, ಇಲ್ಲವೆಂದು ಕಂಡೊಡನೆ ನುಗ್ಗುತ್ತಾನೆ, ತೆಳ್ಳಗಿನ ಬೈಸಿಕಲ್ಲು ಅವನ ಕಣ್ಣಿಗೆ ಬಿದ್ದಿದ್ದರೂ ಮನಸ್ಸಿಗೆ ಬಿದ್ದಿರುವುದಿಲ್ಲ. ಅಂಚಿನಲ್ಲಿ ಹೋದರೆ ಕ್ಷೇಮವೆಂದು ನಾವು ಮಕ್ಕಳಿಗೆ ಹೇಳಿಕೊಡುವ ಮಾತು ವೃತ್ತದ ಮಟ್ಟಿಗೆ ಸರಿಯಲ್ಲವೆಂಬುದು ಆ ಚಾಲಕರ ಪೀಠದಲ್ಲಿ ಕುಳಿತ ಮೇಲೆ ನಮಗೆ ಸ್ಪಷ್ಟವಾಯಿತು.

ಹೊನ್ನಾಳಿಯಿಂದ ನ್ಯಾಮತಿ ದೂರವಲ್ಲ. ಮಲೆನಾಡಿಗೂ ಬಯಲಿಗೂ ನಡುವೆ ವ್ಯಾಪಾರದ ಸ್ಥಳವಾಗಿ ಬೆಳೆದ ಊರು ಇದು. ಬಂಜಾರರ ಗುರುವಾದ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪವು ಇದೇ ತಾಲ್ಲೂಕಿನಲ್ಲಿರುವುದರಿಂದ ಜಾತ್ರೆಯ ಕಾಲದಲ್ಲಿ ದೂರದೂರದ ಯಾತ್ರಿಕರು ಈ ದಾರಿಯಲ್ಲಿ ಬರುವರು. ನಾವು ಹೋದದ್ದು ಸಂತೆಯ ದಿನ. ತರಕಾರಿಯ ಗುಡ್ಡೆಗಳು, ಮೆಣಸಿನಕಾಯಿಯ ಮೂಟೆಗಳು, ಕುರಿಗಳು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು. ಇಷ್ಟು ಜನಜಂಗುಳಿಯಲ್ಲಿ ಬೈಸಿಕಲ್ಲಿನವರ ಗತಿಯೇನೆಂದು ನಾವು ಮರುಗಲು ಸಿದ್ಧರಾಗಿದ್ದೆವು. ಆದರೆ ಕಂಡದ್ದು ಬೇರೆ. ಮುದುಕರೊಬ್ಬರು ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು, ಗಂಟೆಯನ್ನೂ ಬಾರಿಸದೆ, ಕೂಡುರಸ್ತೆಯ ನಟ್ಟನಡುವೆ ನಿಧಾನವಾಗಿ ಬೈಸಿಕಲ್ಲು ತುಳಿದುಕೊಂಡು ಹೋದರು. ಹಿಂದಿನ ಲಾರಿಯು ಅವರ ಹಿಂದೆಯೇ ಹಸುವಿನಂತೆ ಬಂದಿತು. ಯಾರೂ ಯಾರಿಗೂ ಹೆದರಲಿಲ್ಲ. ವೇಗವಾಗಿ ಹೋಗುವುದಕ್ಕೆ ಅಲ್ಲಿ ಯಾರಿಗೂ ಅವಕಾಶವೇ ಇರಲಿಲ್ಲ.

ಜಗಳೂರಿನಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡೆವು. ಮಳೆ ಕಡಮೆಯಾದ ತಾಲ್ಲೂಕು. ಕೆಂಪು ನೆಲ, ದೂರದ ದಿಗಂತ, ನೇರವಾದ ರಸ್ತೆ. ಮಧ್ಯಾಹ್ನದ ಬಿಸಿಲಿಗೆ ಊರಿನ ದಾರಿಗಳೆಲ್ಲ ಬರಿದಾಗಿದ್ದವು. ನೋಡುವವರಿಗೆ ಇದಕ್ಕಿಂತ ನಿರಪಾಯವಾದ ಸ್ಥಳವಿಲ್ಲವೆಂದು ತೋರುವುದು. ಆದರೆ ಬಯಲಿನ ನೇರ ದಾರಿಯಲ್ಲಿ ಓಡಿಬಂದ ಕಾರಿನವನಿಗೆ ಊರು ಬಂದಿತೆಂಬ ಅರಿವು ಕಾಲಿನವರೆಗೆ ಇಳಿದಿರುವುದಿಲ್ಲ. ರಸ್ತೆ ಅಗಲವಾಗಿರುವಲ್ಲಿ ಅವನು ಅದೇ ವೇಗದಲ್ಲಿ ಬಂದು ತಿರುಗುತ್ತಾನೆ. ಶಾಲೆ ಬಿಟ್ಟ ಇಬ್ಬರು ಹುಡುಗರು ಒಂದೇ ಬೈಸಿಕಲ್ಲಿನ ಮೇಲೆ ರಸ್ತೆಯನ್ನು ದಾಟುವಾಗ ಹಾಗೆ ಬಂದ ಕಾರೊಂದು ಕೀಚೆಂದು ನಿಂತಿತು. ಹುಡುಗರಿಗೆ ಏನೂ ಆಗಲಿಲ್ಲ. ಚಾಲಕನು ಬೈದು ಹೊರಟುಹೋದನು. ಜನಸಂದಣಿಯ ನ್ಯಾಮತಿಯಲ್ಲಿ ಇಲ್ಲದ ಭಯ ಜನರಿಲ್ಲದ ಜಗಳೂರಿನಲ್ಲಿ ನಮಗೆ ಆಯಿತು.

ನಾಲ್ಕು ಊರುಗಳನ್ನು ನೋಡಿದ ಮೇಲೆ ನಮಗೆ ತಿಳಿದುದೇನೆಂದರೆ, ಬೈಸಿಕಲ್ಲಿನವನಿಗೆ ಶತ್ರುವು ವಾಹನಗಳ ಸಂಖ್ಯೆಯಲ್ಲ, ಅವುಗಳ ವೇಗ. ಇದು ಲೆಕ್ಕದಿಂದಲೂ ಸಿದ್ಧವಾದ ಮಾತು. ಗಂಟೆಗೆ ೩೦ ಕಿಲೋಮೀಟರು ವೇಗದ ವಾಹನವು ೬೦ಕ್ಕೆ ಏರಿದರೆ ಅದರ ಪೆಟ್ಟಿನ ಬಲವು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಆದುದರಿಂದಲೇ ೨೦೨೦ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಸೇರಿದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನವು, ನಡೆಯುವವರೂ ಬೈಸಿಕಲ್ಲಿನವರೂ ಮೋಟಾರುಗಳೂ ಬೆರೆಯುವ ಕಡೆಗಳಲ್ಲಿ ವೇಗವು ೩೦ ಕಿಲೋಮೀಟರನ್ನು ಮೀರಬಾರದೆಂದು ಘೋಷಿಸಿತು.

ಹಾಗಾದರೆ ಎಲ್ಲ ಕೂಡುರಸ್ತೆಗಳಲ್ಲಿಯೂ ದೊಡ್ಡ ವೃತ್ತಗಳನ್ನು ಕಟ್ಟಿಬಿಟ್ಟರೆ ಸಾಕೇ? ಸಾಲದು. ಬೆಲ್ಜಿಯಮ್ಮಿನ ಫ್ಲ್ಯಾಂಡರ್ಸ್ ಪ್ರಾಂತದಲ್ಲಿ ವೃತ್ತಗಳಾಗಿ ಮಾರ್ಪಟ್ಟ ೯೧ ಕೂಡುರಸ್ತೆಗಳನ್ನು ವಿದ್ವಾಂಸರು ಪರೀಕ್ಷಿಸಿ ೨೦೦೮ರಲ್ಲಿ ಪ್ರಕಟಿಸಿದ ವಿಚಾರವು ಬೋಧಪ್ರದವಾದುದು. ಸಾಮಾನ್ಯವಾಗಿ ವೃತ್ತಗಳಿಂದ ಮೋಟಾರಿನವರ ಅಪಘಾತಗಳು ಕಡಮೆಯಾಗುವುವು. ಆದರೆ ಅಲ್ಲಿ ಬೈಸಿಕಲ್ ಸವಾರರು ಗಾಯಗೊಂಡ ಅಪಘಾತಗಳು ಶೇಕಡಾ ೨೭ರಷ್ಟು ಹೆಚ್ಚಿದವು. ಮರುವರ್ಷ ಅದೇ ವಿದ್ವಾಂಸರು ಇನ್ನೊಂದು ಮಾತನ್ನು ಕಂಡುಹಿಡಿದರು. ವೃತ್ತದೊಳಗೆ ಹೊರ ಅಂಚಿಗೆ ಗೆರೆ ಎಳೆದು ‘ಇದು ಬೈಸಿಕಲ್ಲಿನ ಪಟ್ಟಿ’ ಎಂದು ಬಿಟ್ಟುಕೊಟ್ಟಿದ್ದ ಕಡೆಗಳಲ್ಲಿಯೇ ಪರಿಣಾಮವು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಹೊನ್ನಾಳಿಯ ಚಾಲಕರು ನಮಗೆ ತೋರಿಸಿದ ಕುರುಡು ಮೂಲೆಗೆ ಬಣ್ಣ ಬಳಿದು, ಇಲ್ಲಿಯೇ ಇರು ಎಂದು ಸವಾರನಿಗೆ ಹೇಳಿದಂತಾಯಿತಷ್ಟೆ!

ಒಳ್ಳೆಯ ಮಾದರಿಗಾಗಿ ಹಾಲೆಂಡ್ ದೇಶವನ್ನು ನೋಡಬೇಕು. ಆ ದೇಶವು ಮೊದಲಿನಿಂದಲೂ ಬೈಸಿಕಲ್ಲಿನ ಸ್ವರ್ಗವಾಗಿರಲಿಲ್ಲ. ೧೯೭೧ರಲ್ಲಿ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರು ರಸ್ತೆಗಳಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೂ ಮಿಕ್ಕು ಮಕ್ಕಳಿದ್ದರು. ಆಗ ತಾಯಿತಂದೆಗಳೇ ಬೀದಿಗಿಳಿದು, ‘ಮಕ್ಕಳ ಕೊಲೆಯನ್ನು ನಿಲ್ಲಿಸಿರಿ’ ಎಂಬ ಹೆಸರಿನಲ್ಲಿ ಚಳವಳಿ ಹೂಡಿದರು. ಇಂದು ನಾವು ಹೊಗಳುವ ಅಲ್ಲಿನ ರಸ್ತೆಗಳು ಬಹುಮಟ್ಟಿಗೆ ಆ ಕೂಗಿನ ಫಲ. ಅಲ್ಲಿನ ಒಳ್ಳೆಯ ವೃತ್ತದಲ್ಲಿ ಮೋಟಾರುಗಳಿಗೆ ಒಂದೇ ಸಾಲು. ಒಳಬರುವ ಬಾಯಿ ಇಕ್ಕಟ್ಟು, ತಿರುವು ಬಿಗಿ, ಆದುದರಿಂದ ವೇಗ ತಾನಾಗಿಯೇ ತಗ್ಗುತ್ತದೆ. ಬೈಸಿಕಲ್ಲಿನ ಹಾದಿಯು ಹೊರಗಡೆ ಬೇರೆಯಾಗಿ ಸುತ್ತುತ್ತದೆ. ಮೋಟಾರಿನ ದಾರಿಯನ್ನು ಅದು ದಾಟುವ ಸ್ಥಳವನ್ನು ವೃತ್ತದ ಅಂಚಿನಿಂದ ಸುಮಾರು ಒಂದು ಕಾರಿನ ಉದ್ದದಷ್ಟು ಹಿಂದಕ್ಕೆ ಇಟ್ಟಿರುತ್ತಾರೆ. ತಿರುಗಿದ ಕಾರು ಆ ವೇಳೆಗೆ ನೇರವಾಗಿ ನಿಂತು, ಬೈಸಿಕಲ್ಲು ಚಾಲಕನ ಕಣ್ಣಿನ ಮುಂದೆ ಬರುತ್ತದೆ. ಪಕ್ಕದ ಮೂಲೆಯಲ್ಲಿ ಅಲ್ಲ. ಊರುಗಳೊಳಗೆ ಮೊದಲು ದಾರಿ ಬೈಸಿಕಲ್ಲಿನವರಿಗೆ. ಈ ಮಾದರಿಯನ್ನೇ ಇಂಗ್ಲೆಂಡಿನ ಕೇಂಬ್ರಿಡ್ಜ್ ಪಟ್ಟಣದವರು ೨೦೨೦ರಲ್ಲಿ ತಮ್ಮ ಒಂದು ವೃತ್ತಕ್ಕೆ ಅಳವಡಿಸಿದರು.

ನಮ್ಮ ತಾಲ್ಲೂಕಿನ ಊರುಗಳಿಗೆ ಇಷ್ಟು ಹಣವೂ ಸ್ಥಳವೂ ಎಲ್ಲಿಂದ ಬರಬೇಕೆಂದು ಕೇಳುವಿರಿ. ಅದರ ಸಾರವನ್ನು ಹಿಡಿಯುವುದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಸುಣ್ಣ ಬಳಿದ ಕಲ್ಲುಗಳನ್ನೋ ಮರಳು ತುಂಬಿದ ಪೀಪಾಯಿಗಳನ್ನೋ ಇಟ್ಟು ನಡುವಿನ ಸುತ್ತನ್ನು ನಿಜವಾದ ಸುತ್ತನ್ನಾಗಿ ಮಾಡಬಹುದು. ಅವುಗಳಿಂದಲೇ ರಸ್ತೆಯ ಬಾಯನ್ನು ಕಿರಿದು ಮಾಡಬಹುದು. ಒಂದು ತಿಂಗಳು ನೋಡಿ, ಬಸ್ಸು ತಿರುಗಲು ಕಷ್ಟವಾದರೆ ಒಂದೆರಡು ಅಡಿ ಸರಿಸಬಹುದು; ಸರಿಹೋದ ಮೇಲೆ ಸಿಮೆಂಟಿನಲ್ಲಿ ಕಟ್ಟಬಹುದು. ಜನರು ದಾಟುವ ಪಟ್ಟಿಯನ್ನು ರಸ್ತೆಗಿಂತ ಸ್ವಲ್ಪ ಎತ್ತರಿಸಿದರೆ ವೇಗ ಇನ್ನಷ್ಟು ತಗ್ಗುವುದು. ಕೂಡುರಸ್ತೆಯ ಬಾಯಿಯಲ್ಲಿಯೇ ಬಸ್ಸು ಆಟೋಗಳು ನಿಲ್ಲದಂತೆಯೂ, ಹಬ್ಬ ಹುಟ್ಟುಹಬ್ಬಗಳ ಫ್ಲೆಕ್ಸ್ ಹಲಗೆಗಳು ಕಣ್ಣಿಗೆ ಅಡ್ಡ ಬಾರದಂತೆಯೂ ನೋಡಿಕೊಳ್ಳುವುದಕ್ಕೆ ದುಡ್ಡೇ ಬೇಡ, ಮನಸ್ಸು ಸಾಕು. ಭಾರತೀಯ ರಸ್ತೆ ಕಾಂಗ್ರೆಸ್ಸು ಎಂಬ ಎಂಜಿನಿಯರುಗಳ ಸಂಸ್ಥೆಯು ಬೈಸಿಕಲ್ಲಿನ ಹಾದಿಗಳಿಗೂ ವೃತ್ತಗಳಿಗೂ ಬೇರೆಬೇರೆ ಮಾರ್ಗದರ್ಶಿಗಳನ್ನು ಪ್ರಕಟಿಸಿಯೇ ಇದೆ.

ಒಂದು ತೊಡಕನ್ನು ಮಾತ್ರ ತಿಳಿದಿರಬೇಕು. ವೃತ್ತವು ಊರಿನೊಳಗಿದ್ದರೂ ಅದರ ರಸ್ತೆ ಅನೇಕ ವೇಳೆ ಊರಿನದಲ್ಲ. ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿಯವರದೋ ಆಗಿರುತ್ತದೆ. ದೀಪವು ಪಟ್ಟಣದ ಆಡಳಿತದ್ದು, ಸಂಚಾರವು ಪೊಲೀಸಿನವರದ್ದು. ಹೀಗೆ ನಾಲ್ವರಿಗೆ ಸೇರಿದ್ದು ಯಾರದೂ ಆಗದೆ ಉಳಿಯುತ್ತದೆ. ಇವರೆಲ್ಲರನ್ನೂ ಒಂದೆಡೆ ಕೂಡಿಸಲೆಂದೇ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರುವುದು. ಅರ್ಜಿಯನ್ನು ಅಲ್ಲಿಗೆ ಕಳುಹಿಸಿದರೆ, ಅದು ನಮಗೆ ಸೇರಿದ್ದಲ್ಲವೆಂಬ ಉತ್ತರಕ್ಕೆ ಎಡೆಯಿರುವುದಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡತಕ್ಕ ಮಾತುಗಳು ಕೆಲವುಂಟು. ಲಾರಿ ಬಸ್ಸುಗಳ ಎಡಮಗ್ಗುಲಿಗೆ ಎಂದಿಗೂ ಹೋಗಬಾರದು. ಅವು ನಿಂತಿದ್ದರೆ ಹಿಂದೆಯೇ ನಿಲ್ಲಬೇಕು. ಕೂಡುರಸ್ತೆಗೆ ಮುಂಚೆಯೇ ಹಿಂದಿರುಗಿ ನೋಡಿ, ತಿರುಗುವ ಕಡೆಗೆ ಕೈ ಚಾಚಿ ತೋರಿಸಬೇಕು. ವಾಹನಗಳು ನಿಧಾನವಾಗಿ ಸಾಗುವ ಸಣ್ಣ ವೃತ್ತದಲ್ಲಿ, ಸಾಕಷ್ಟು ದೊಡ್ಡವರಾದ ಮಕ್ಕಳು ಅಂಚಿಗೆ ಅಂಟಿಕೊಳ್ಳದೆ ಸಾಲಿನ ನಡುವೆ, ಎಲ್ಲರಿಗೂ ಕಾಣುವಂತೆ ಹೋಗಬೇಕು. ವಾಹನಗಳು ವೇಗವಾಗಿದ್ದರೆ ಇಳಿದು ನಡೆಯುವುದೇ ಲೇಸು; ಅದರಲ್ಲಿ ನಾಚಿಕೆಯಿಲ್ಲ. ಬ್ರೇಕು, ಗಂಟೆ, ಹಿಂದಿನ ಕೆಂಪು ಬಿಲ್ಲೆಗಳನ್ನು ವಾರಕ್ಕೊಮ್ಮೆ ಮನೆಯ ಹಿರಿಯರೊಬ್ಬರು ನೋಡಬೇಕು. ಆದರೆ ಎಚ್ಚರಿಕೆಯ ಭಾರವನ್ನೆಲ್ಲ ಮಗುವಿನ ಮೇಲೆಯೇ ಹೊರಿಸಿ ಊರಿನ ಹಿರಿಯರು ಸುಮ್ಮನಿರುವುದು ನ್ಯಾಯವಲ್ಲ. ಮಗು ಮರೆಯುತ್ತದೆ, ಆಡುತ್ತದೆ, ಗೆಳತಿಯ ಕಡೆ ನೋಡುತ್ತದೆ. ಅದು ಮರೆತ ದಿನವೂ ಬದುಕಿ ಮನೆಗೆ ಬರುವಂತೆ ರಸ್ತೆಯಿರಬೇಕು.

ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವುದಕ್ಕೆ ಮುನ್ನ, ಆಯಾ ಊರಿನ ನಾಲ್ಕು ಜನ ಗೃಹಸ್ಥರೂ ನಾಲ್ಕು ಜನ ಗೃಹಿಣಿಯರೂ ತಮ್ಮ ವೃತ್ತದಲ್ಲಿ ಒಂದು ಬೆಳಗು ಒಂದು ಸಂಜೆ ನಿಂತು, ಎಷ್ಟು ಬೈಸಿಕಲ್ಲುಗಳು ದಾಟಿದವು, ಎಷ್ಟು ಮಕ್ಕಳು ಇಳಿದು ತಳ್ಳಿದರು, ಯಾವ ಬಾಯಿಯಿಂದ ವಾಹನಗಳು ನುಗ್ಗಿ ಬಂದವು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಆ ಹಾಳೆಯನ್ನೇ ಅರ್ಜಿಗೆ ಲಗತ್ತಿಸಲಿ. ಚನ್ನಗಿರಿಯಲ್ಲಿಯಾಗಲಿ ಜಗಳೂರಿನಲ್ಲಿಯಾಗಲಿ ಇದಕ್ಕೆ ಬೇಕಾದುದು ಒಂದು ಪೆನ್ಸಿಲು ಮತ್ತು ಎರಡು ಗಂಟೆಯ ಹೊತ್ತು.